«ಮೇಡಂ, ಇದು ಗ್ಯಾರಂಟಿಯೇ?»

ರಾಜಾಜಿನಗರದಲ್ಲಿ ಔಷಧಿ ಅಂಗಡಿ ಇಟ್ಟು ಹದಿನೆಂಟು ವರ್ಷವಾಯಿತು. ಬೇರೆ ಗಿರಾಕಿಗಳು ಹೋಗುವವರೆಗೆ ಕಾದು, ದನಿ ತಗ್ಗಿಸಿ ಕೇಳುವ ಪ್ರಶ್ನೆ ಮಾತ್ರ ಬದಲಾಗಿಲ್ಲ: "ಮೇಡಂ, ಇದು ಗ್ಯಾರಂಟಿಯೇ?" ಕೈಯಲ್ಲಿ ಗರ್ಭನಿರೋಧಕ ಮಾತ್ರೆ ಇರುತ್ತದೆ, ಇಲ್ಲವೇ ಕಾಂಡೋಮ್. ನಾನು ತಿರುಗಿ ಕೇಳುತ್ತೇನೆ: "ನಿಮ್ಮ ಜ್ಞಾಪಕಶಕ್ತಿ ಹೇಗಿದೆ?"

ತಮಾಷೆಗಲ್ಲ. ಇಲ್ಲಿ ಪ್ರತಿಯೊಂದಕ್ಕೂ ಎರಡು ಲೆಕ್ಕವಿದೆ. ಚಾಚೂ ತಪ್ಪದೆ ಬಳಸುವವರದು ಒಂದು, ನಮ್ಮನಿಮ್ಮಂಥವರದು ಇನ್ನೊಂದು. ಅಮೆರಿಕದ ಅಂಕಿಗಳ ಪ್ರಕಾರ, ದಿನವೂ ನುಂಗುವ ಮಾತ್ರೆಯನ್ನು ಒಂದೂ ಬಿಡದೆ ತೆಗೆದುಕೊಂಡರೆ ವರ್ಷದಲ್ಲಿ ಸಾವಿರ ಮಹಿಳೆಯರ ಪೈಕಿ ಮೂವರು ಬಸಿರಾಗುತ್ತಾರೆ. ನಿತ್ಯದ ಬದುಕಿನಲ್ಲಿ ಸುಮಾರು 70 ಮಂದಿ. ಕಾಂಡೋಮ್‌ನಲ್ಲಿ ಅದು 20 ಮತ್ತು 130. ಕೊಬ್ಬರಿ ಎಣ್ಣೆ ಸವರಿದರೆ ಲೇಟೆಕ್ಸ್ ಹಾಳಾಗುತ್ತದೆ ಎಂದು ಎಷ್ಟು ಜನರಿಗೆ ಹೇಳಿದ್ದೇನೋ! ಆದರೂ ಲೈಂಗಿಕ ರೋಗಗಳನ್ನು ತಡೆಯಲು ಕಾಂಡೋಮೇ ಬೇಕು. "ನಾನು ಹುಷಾರಾಗಿರುತ್ತೇನೆ" ಎಂದು ಕೊನೆಗಳಿಗೆಯಲ್ಲಿ ಹಿಂದೆ ಸರಿಯುವ ಗಂಡಸರ ಲೆಕ್ಕ 200.

ಒಮ್ಮೆ ಒಬ್ಬ ಹೆಣ್ಣುಮಗಳು ಮುಗಿದ ಮಾಲಾ-ಎನ್ ಗರ್ಭನಿರೋಧಕ ಮಾತ್ರೆಯ ಹಾಳೆ ತೋರಿಸಿ, "ಒಂದನ್ನೂ ಬಿಟ್ಟಿಲ್ಲ" ಎಂದಳು. ನಿಜ, 28 ಗುಳಿಗಳೂ ಖಾಲಿ. ಆದರೆ ಊರಿನಲ್ಲಿ ಮದುವೆಯಿತ್ತೆಂದು ಹೊಸ ಹಾಳೆ ಶುರುಮಾಡುವುದು ನಾಲ್ಕು ದಿನ ತಡವಾಗಿತ್ತು. ಆ 28ರಲ್ಲಿ ಕೊನೆಯ ಏಳು ಬರೀ ಕಬ್ಬಿಣಾಂಶದವು. ಅವನ್ನು ಮರೆತರೆ ಬಸಿರಿನ ಭಯವಿಲ್ಲ. ಹಾರ್ಮೋನಿಲ್ಲದ ಆ ಏಳು ದಿನ ಹನ್ನೊಂದಾದರೆ ಮಾತ್ರ ಅಂಡಾಶಯ ಎಚ್ಚರಗೊಳ್ಳಬಹುದು. ಇವತ್ತೇ ಶುರುಮಾಡಿ ಏಳು ದಿನ ಕಾಂಡೋಮ್ ಬಳಸಲು ಹೇಳಿ, ಈ ನಡುವೆ ಗಂಡನೊಡನೆ ಕೂಡಿದ್ದರೆ ವೈದ್ಯರನ್ನು ಕಾಣಲೇಬೇಕು ಎಂದೆ.

ಮರೆವಿನವರಿಗೆ ಗರ್ಭಕೋಶದೊಳಗೆ ಇರಿಸುವ ವಂಕಿ, ಅಂದರೆ ಕಾಪರ್-ಟಿ, ವಾಸಿ. ಸಾವಿರಕ್ಕೆ ಎಂಟು, ಅಷ್ಟೇ. 380ಎ ಎಂಬುದನ್ನು ಹಾಕಿಸಿಕೊಂಡರೆ ಹತ್ತು ವರ್ಷ ನಡೆಯುತ್ತದೆ, ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಮೊದಲ ಕೆಲವು ತಿಂಗಳು ಮುಟ್ಟಿನ ಸ್ರಾವ ಹೆಚ್ಚಬಹುದು ಎಂಬುದನ್ನೂ ಮುಚ್ಚಿಡುವುದಿಲ್ಲ. ಮೂರು ತಿಂಗಳಿಗೊಮ್ಮೆಯ ಅಂತರಾ ಚುಚ್ಚುಮದ್ದೂ ಒಳ್ಳೆಯದೇ, ತಾರೀಕು ತಪ್ಪದಿದ್ದರೆ.

ಇನ್ನು ಆಪರೇಷನ್. ಹೆಂಗಸರದಾದರೆ ಮೊದಲ ವರ್ಷ ಸಾವಿರಕ್ಕೆ ಐವರು ಬಸಿರಾಗುತ್ತಾರೆ, ಗಂಡಸರದಾದರೆ ಇಬ್ಬರಿಗೂ ಕಡಿಮೆ. ಗಂಡಸರದು ಹೊಟ್ಟೆ ಕೊಯ್ಯದೆ ಮುಗಿಯುವ ಸಣ್ಣ ಕೆಲಸ. ಆದರೂ ನನ್ನೆದುರು ನಿಂತು "ನನ್ನ ಹೆಂಡತಿಗೆ ಮಾಡಿಸುತ್ತೇವೆ" ಎನ್ನುವವರೇ ಹೆಚ್ಚು.

ಕಳೆದ ವಾರ ಒಬ್ಬರು, ತಾವೇ ಮಾಡಿಸಿಕೊಂಡವರು, ನಗುತ್ತಾ ಬಂದರು. "ಇನ್ನು ಚಿಂತೆಯಿಲ್ಲ ಅಲ್ಲವೇ ಮೇಡಂ?" ನಾಳಗಳಲ್ಲಿ ಮೊದಲೇ ಉಳಿದ ವೀರ್ಯಾಣು ಖಾಲಿಯಾಗಲು ಮೂರು ತಿಂಗಳು ಬೇಕು, ಆಮೇಲೆ ವೀರ್ಯ ಪರೀಕ್ಷೆ ಮಾಡಿಸಿ, ಅಲ್ಲಿಯವರೆಗೆ ಕಾಂಡೋಮ್ ಎಂದೆ. ಅವರು ಹಿಂದೆ ತಿರುಗಿ ನೋಡಿ, "ಪೇಪರಿನಲ್ಲಿ ಸುತ್ತಿ ಕೊಡಿ" ಎಂದರು.