ಹೋದವಳೇ ಮರಳಬೇಕು: ಗೋಪುರ ಮುಗಿದ ಸುದ್ದಿ

ನಿನ್ನೆ ಸಂಜೆ ಐದೂವರೆಗೆ ನಮ್ಮ ಕಸೂತಿ ಗೋಪುರದ ಕಳಸ ಮುಗಿಯಿತು. ಬಟ್ಟೆಯನ್ನು ತಿರುವಿ ಕಿಟಕಿಯ ಬೆಳಕಿಗೆ ಹಿಡಿದೆ. ಮುಂದೆ ಹೇಗಿದೆಯೋ ಹಿಂದೆಯೂ ಹಾಗೆಯೇ ಇದೆ. ಮೂರು ತಿಂಗಳ ಬಳಿಕ ಧಾರವಾಡದ ಮಾಳಮಡ್ಡಿಯ ನಮ್ಮ ಕೋಣೆಯಲ್ಲಿ ಚಹಾಕ್ಕೆ ಮೊದಲೇ ನಗು ಕೇಳಿಸಿತು.

ಬಟ್ಟೆಯ ಮೇಲೆ ಗೆರೆ ಎಳೆಯದೆ ಎಳೆ ಎಣಿಸಿಯೇ ಕಸೂತಿ ಹಾಕುವವರು ನೀವು. ನಿಮಗೆ ಮುರಗಿ, ಮೆಂತಿ ಹೊಲಿಗೆಗಳ ವಿವರ ಬೇಕಿಲ್ಲ. ಅಂಚಿನ ಸಾಲುಗಳೂ ಸೆರಗಿನ ನವಿಲೂ ತೊಂದರೆ ಕೊಡಲಿಲ್ಲ. ತೊಂದರೆ ಕೊಟ್ಟದ್ದು ಗಾವಂತಿಯ, ಅಂದರೆ ಒಂದು ಬಿಟ್ಟು ಒಂದು ಹಾಕುತ್ತ ಹೋಗಿ ಅದೇ ದಾರಿಯಲ್ಲಿ ಬಿಟ್ಟದ್ದನ್ನು ತುಂಬುತ್ತ ಬರುವ ಹೊಲಿಗೆಯ, ಮರಳುವ ಸಾಲು.

ಮದುವೆಯ ಸೀರೆಗೆ ಗೇಣುದ್ದದ ಹನ್ನೆರಡು ಗೋಪುರಗಳು ಬೇಕಿದ್ದವು. ನಾವು ಆರು ಜನ ಹೆಂಗಸರು, ಏಳನೆಯವಳು ನಾನು. ಕಚೇರಿಯಲ್ಲಿ ಇಪ್ಪತ್ತು ವರ್ಷ ವಿಭಾಗ ನೋಡಿಕೊಂಡ ಅಭ್ಯಾಸದಿಂದ ಕೆಲಸವನ್ನು ತುಂಡು ಮಾಡಿ ಹಂಚಿದೆ. ಹೋಗುವ ಸಾಲು ನಾಲ್ವರಿಗೆ, ಬಿಟ್ಟ ಜಾಗ ತುಂಬಿಕೊಂಡು ಮರಳುವ ಸಾಲು ಕೈ ಪಳಗಿದ ಇಬ್ಬರಿಗೆ. ಕಾಗದದ ಮೇಲೆ ಲೆಕ್ಕ ಚೆನ್ನಾಗಿ ಕೂತಿತ್ತು.

ಬಟ್ಟೆಯ ಮೇಲೆ ಕೂರಲಿಲ್ಲ. ಒಬ್ಬಳು ದಾರವನ್ನು ಬಿಗಿಯಾಗಿ ಎಳೆಯುತ್ತಾಳೆ, ಇನ್ನೊಬ್ಬಳು ಸಡಿಲ ಬಿಡುತ್ತಾಳೆ. ಎರಡೂ ಒಂದೇ ಗೆರೆಯಲ್ಲಿ ಸೇರಿದಾಗ ಗರಗಸದ ಹಲ್ಲಿನಂತೆ ಕಂಡಿತು. ಇದಕ್ಕಿಂತ ದೊಡ್ಡ ಪೆಟ್ಟು ಕವಲುಗಳಲ್ಲಿ ಬಿತ್ತು. ಗೋಪುರದ ಪ್ರತಿ ಅಂತಸ್ತಿನಲ್ಲೂ ಯಾವ ಕವಲನ್ನು ಹೋಗುವಾಗ ಹಿಡಿಯಬೇಕು, ಯಾವುದನ್ನು ಮರಳುವಾಗ ಮುಗಿಸಬೇಕು ಎಂಬ ಲೆಕ್ಕ ಹೋದವಳ ತಲೆಯಲ್ಲೇ ಉಳಿಯುತ್ತದೆ. ಮರಳುವವಳು ಮೂರನೇ ಅಂತಸ್ತಿಗೆ ಬಂದು ದಾರಿ ಕಾಣದೆ ನಿಂತುಬಿಡುತ್ತಿದ್ದಳು. ಗಂಟು ಹಾಕುವಂತಿಲ್ಲ, ದಾರ ಕತ್ತರಿಸಿದರೆ ತುದಿಯನ್ನು ಅಡಗಿಸಲು ಜಾಗವಿಲ್ಲ. ನಾಲ್ಕನೇ ಗೋಪುರವನ್ನು ಬಿಚ್ಚಲು ಮೂರು ಸಂಜೆ ಹಿಡಿಯಿತು.

ಅದೇ ವಾರ ದಾರವೂ ಕೈಕೊಟ್ಟಿತು. ಹುಬ್ಬಳ್ಳಿಯ ಅಂಗಡಿಯವರು ಒಂದೇ ನಂಬರಿನ ಕೆಂಪು ಎಂದು ಎರಡು ಬೇರೆ ಬೇರೆ ಲಾಟಿನ ಲಡಿಗಳನ್ನು ಕಟ್ಟಿಕೊಟ್ಟಿದ್ದರು. ನೆನೆಸಿ ನೋಡಿದರೆ ಒಂದು ಬಣ್ಣ ಬಿಟ್ಟಿತು. "ನಂಬರ್ ಅದೇ ಇದೆಯಲ್ಲ ಅಕ್ಕಾವರೆ" ಎಂದು ವಾದಿಸಿದರು. ನಂಬರನ್ನು ಸೀರೆಗೆ ಹಾಕಲು ಬರುತ್ತದೆಯೇ? ಆ ಬಸ್ ಖರ್ಚು, ಆ ಮಧ್ಯಾಹ್ನ, ಎರಡೂ ಹಾಳು. ದಯವಿಟ್ಟು ಪ್ರತಿ ಲಡಿಯ ತುಂಡನ್ನೂ ಬಿಸಿನೀರಿನಲ್ಲಿ ಹಾಕಿ ನೋಡದೆ ಸೂಜಿಗೆ ಏರಿಸಬೇಡಿ.

ಆದರೆ ನನ್ನನ್ನು ನಿದ್ದೆಗೆಡಿಸಿದ್ದು ದಾರವಲ್ಲ, ಕೋಣೆಯ ಮೌನ. ಮೊದಲು ಹಾಡು, ಮಾತು, ಸೊಸೆಯರ ಸುದ್ದಿ ಎಲ್ಲ ಇತ್ತು. ಈಗ ಎಲ್ಲರೂ ಗಡಿಯಾರ ನೋಡುತ್ತಿದ್ದರು. ಒಂದು ದಿನ ಎಲ್ಲರಿಗಿಂತ ಚಿಕ್ಕವಳು ಗಾರ್ಮೆಂಟ್ಸಿಗೆ ಹೋಗುತ್ತೇನೆ ಎಂದಳು. "ಅಲ್ಲಿಯೂ ಬರೀ ಕಾಲರ್ ಹೊಲಿಯುವುದು, ಇಲ್ಲಿಯೂ ಬರೀ ಹೋಗುವ ಸಾಲು. ಅಲ್ಲಿಯ ಬಸ್ಸಾದರೂ ನಮ್ಮ ಓಣಿಗೆ ಬರುತ್ತದೆ ಅಕ್ಕಾ."

ಕೂಲಿ ಹೆಚ್ಚಿಸಿದೆ. ಅದು ಹೇಗೂ ಹೆಚ್ಚಾಗಬೇಕಾಗಿತ್ತು. ಕೂಲಿ ಕಡಿಮೆ ಕೊಟ್ಟು ಕೆಲಸದಲ್ಲಿ ತೃಪ್ತಿ ಹುಡುಕಿಕೊಳ್ಳಿ ಎನ್ನುವುದು ಅನ್ಯಾಯ. ಕೈ ಚುರುಕಾಯಿತು, ಬಟ್ಟೆಯ ಬೆನ್ನು ಮಾತ್ರ ಸರಿಹೋಗಲಿಲ್ಲ.

ಆಗ ನೆನಪಾದದ್ದು ಕಚೇರಿಯ ತರಬೇತಿಯಲ್ಲಿ ಕೇಳಿದ ಅಹಮದಾಬಾದಿನ ಸಂಗತಿ. 1953ರಲ್ಲಿ ಅಲ್ಲಿಯ ಕ್ಯಾಲಿಕೋ ಮಿಲ್ಲಿನಲ್ಲಿ ಹೊಸ ಸ್ವಯಂಚಾಲಿತ ಮಗ್ಗಗಳು ಬಂದರೂ ನೇಯ್ಗೆ ಸುಧಾರಿಸಿರಲಿಲ್ಲ. ಎಳೆ ಜೋಡಿಸುವವನು ಬೇರೆ, ಲಾಳಿಗೆ ನೂಲು ತುಂಬುವವನು ಬೇರೆ, ಎಣ್ಣೆ ಹಾಕುವವನು ಬೇರೆ. ಇಡೀ ಮಗ್ಗ ಯಾರದೂ ಆಗಿರಲಿಲ್ಲ. ಮಾನವ ಸಂಬಂಧಗಳನ್ನು ಅಧ್ಯಯನ ಮಾಡುವ ಲಂಡನ್ನಿನ ಟಾವಿಸ್ಟಾಕ್ ಸಂಸ್ಥೆಯ ಎ. ಕೆ. ರೈಸ್ ಒಂದು ಗುಂಪಿಗೆ ಇಷ್ಟು ಮಗ್ಗಗಳು ಎಂದು ಒಪ್ಪಿಸುವ ಸಲಹೆ ಕೊಟ್ಟರು. ಕಾರ್ಮಿಕರು ಗುಂಪುಗಳನ್ನು ತಾವೇ ಕಟ್ಟಿಕೊಂಡರು. ಬಟ್ಟೆ ಹೆಚ್ಚಾಯಿತು, ಹಾಳಾಗುವುದು ಕಡಿಮೆಯಾಯಿತು. ಇದನ್ನು ಕೇಳಿಯೂ ನಾನು ಕಚೇರಿಯಲ್ಲಿ ಒಬ್ಬ ಗುಮಾಸ್ತನಿಗೆ ಒಂದೇ ಕಾಲಮ್ ಕೊಟ್ಟು ವರ್ಷಗಟ್ಟಲೆ ಕೂರಿಸಿದ್ದೆ. ಆ ನೋವು ಈಗಲೂ ಇದೆ.

ಮರುದಿನ ನಮ್ಮ ಹಿರಿಯಕ್ಕನ ಮುಂದೆ ಬಟ್ಟೆ ಹರವಿದೆ. ಅವರು ನಕ್ಕರು. "ಹೋದವಳೇ ಮರಳಿ ಬರಬೇಕು. ಬೇರೆಯವಳು ಬಂದರೆ ಮನೆಯವರು ಒಳಗೆ ಬಿಡುತ್ತಾರೆಯೇ?"

ಸರಿ, ಆದರೆ ಕಲಿಯುವವರ ಗತಿ? ಒಂಟಿಯಾಗಿ ಗೋಪುರ ಹಾಕಬಲ್ಲವರು ಇಬ್ಬರೇ. ಅದಕ್ಕೂ ಉತ್ತರ ಅವರ ಬಳಿಯೇ ಇತ್ತು: ಕಲಿಯುವವಳಿಗೆ ಗೋಪುರದ ಕಾಲುಭಾಗ ಕೊಡಬೇಡಿ, ತುಳಸಿಕಟ್ಟೆಯನ್ನು ಇಡಿಯಾಗಿ ಕೊಡಿ. ಹಂಚಬೇಕಾದದ್ದು ಚಿತ್ರದ ಗಾತ್ರವನ್ನು, ಚಿತ್ರದ ತುಂಡುಗಳನ್ನಲ್ಲ. ನನಗೆ ಮೂರು ತಿಂಗಳಲ್ಲಿ ಹೊಳೆಯದ್ದು ಇದು.

ಅಂದಿನಿಂದ ಚಿಕ್ಕವಳಿಗೆ ತುಳಸಿಕಟ್ಟೆ, ಆಮೇಲೆ ಆನೆ, ಆಮೇಲೆ ಗೋಪುರ. ಅವಳು ಗೋಪುರವನ್ನು ಬುಡದಿಂದ ತೊಡಗಲಿಲ್ಲ. ನಡುವಿನ ಬಾಗಿಲಿನಿಂದ ಹೊರಟು ಎಡಕ್ಕೆ ತಿರುಗಿದಳು. ಬೇಡ ಎನ್ನಲು ಬಾಯಿ ತೆರೆದವಳು ಹಾಗೆಯೇ ಸುಮ್ಮನಾದೆ. ಬಾಗಿಲಿಗೇ ಮರಳಿ ಬರುವಂತೆ ಅವಳು ಎಲ್ಲ ಕವಲುಗಳನ್ನೂ ಮೊದಲೇ ಎಣಿಸಿಕೊಂಡಿದ್ದಳು. ನಿನ್ನೆ ಮುಗಿದದ್ದು ಅದೇ ಗೋಪುರ.

ಇನ್ನೆರಡು ಬದಲಾವಣೆ ಮಾಡಿದ್ದೇನೆ. ತಪ್ಪು ಹುಡುಕಲು ಬಟ್ಟೆಗಳು ರಾತ್ರಿ ನನ್ನ ಮೇಜಿಗೆ ಬರುವುದು ನಿಂತಿದೆ. ಹಾಕಿದವಳೇ ತಿರುವಿ ನೋಡುತ್ತಾಳೆ. ಬಿಚ್ಚುವ ಹೊತ್ತಿಗೂ ಕೂಲಿ ಇದೆ, ಇಲ್ಲದಿದ್ದರೆ ತಪ್ಪನ್ನು ಮುಚ್ಚಿಡುವುದು ಯಾರಿಗಾದರೂ ಸಹಜ. ಕಳೆದ ವಾರ ಮದುಮಗಳ ತಾಯಿ ಸೀರೆ ನೋಡಲು ಬಂದಾಗ ನಾನು ಉತ್ತರಿಸದೆ, ಆನೆ ಹಾಕಿದವಳನ್ನೇ ಕರೆದೆ. ಆ ತಾಯಿ ಸೆರಗಿನ ಬೆನ್ನನ್ನು ಬೆರಳಿನಿಂದ ಸವರಿ, "ಇದರ ಒಳಗು ಯಾವುದವ್ವಾ?" ಎಂದು ಕೇಳಿದರು. ಹುಡುಗಿ ಎರಡು ದಿನ ಅದನ್ನೇ ಹೇಳಿಕೊಂಡು ಓಡಾಡಿದಳು.

ಇದರ ನಡುವೆ ಕೌದಿಯ ಹುಚ್ಚು ಹತ್ತಿದೆ. ಹಳೆಯ ಇಳಕಲ್ ಸೀರೆಗಳು ಒಂದು ಗಂಟು ಕೂಡಿವೆ. ತುಂಡುಗಳ ಜೋಡಣೆಯನ್ನು ನಾನು ಹೇಳುವುದಿಲ್ಲ, ಹೊಲಿಯುವವರೇ ಆರಿಸಲಿ. ಮಳೆಗಾಲದೊಳಗೆ ಒಂದಾದರೂ ಮುಗಿಯಬೇಕು.

ನೇಯ್ದಂತೆ ಕಾಣುವ ನೇಯ್ಗಿ ಹೊಲಿಗೆ ತುಂಬುವ ಕೆಲಸ ಇನ್ನೂ ಹಾದಿಗೆ ಬಂದಿಲ್ಲ. ಮೋಡ ಕವಿದ ದಿನ ಹಿರಿಯಕ್ಕನ ಕಣ್ಣಿಗೆ ಎಳೆ ಕಾಣುವುದಿಲ್ಲ, ಹೊಸ ದೀಪದ ಬೆಳಕು ಬಟ್ಟೆಯ ಮೇಲೆ ಹೊಳೆಯುತ್ತದೆ. ನೀವು ಯಾವ ದೀಪ ಬಳಸುತ್ತೀರಿ, ಎಷ್ಟು ಎತ್ತರದಲ್ಲಿ ಇಡುತ್ತೀರಿ ಎಂದು ಬರೆಯಿರಿ. ಸೋಮವಾರ ಆರನೇ ಗೋಪುರ ಆರಂಭ. ಚಿಕ್ಕವಳು ಗಾರ್ಮೆಂಟ್ಸಿನ ಮಾತು ಬಿಟ್ಟು, ಸೆರಗಿನ ತೇರು ತನಗೆ ಬೇಕೆಂದು ಹಿರಿಯಕ್ಕನ ಬೆನ್ನು ಹತ್ತಿದ್ದಾಳೆ.