429 ಕೋಟಿಯ ಮೇಷ್ಟ್ರು

ನಮ್ಮ ಗಣಿತದ ಮೇಷ್ಟ್ರು ತೀರಿಕೊಂಡ ಸುದ್ದಿ ತಿಳಿದಾಗ ಹಳೆಯ ಸಹಪಾಠಿಗಳು ಒಬ್ಬರಿಗೊಬ್ಬರು ಫೋನ್ ಮಾಡಿಕೊಂಡೆವು. ಅವರು ಕಲಿಸಿದ ತ್ರಿಕೋನಮಿತಿಯ ಒಂದು ಸೂತ್ರವೂ ಯಾರ ಬಾಯಲ್ಲೂ ಬರಲಿಲ್ಲ. ಎಲ್ಲರಿಗೂ ನೆನಪಿದ್ದದ್ದು ಒಂದು ಸಂಖ್ಯೆ: 4294967297.

ಒಂಬತ್ತನೇ ತರಗತಿಯಲ್ಲಿ ಅವರು ಅದನ್ನು ಕರಿಹಲಗೆಯ ತುಂಬ ದಪ್ಪವಾಗಿ ಬರೆದಿದ್ದರು. 2ರ ಘಾತವಾಗಿ 1, 2, 4, 8, 16 ಇಟ್ಟು ಒಂದೊಂದು ಕೂಡಿಸಿದರೆ 3, 5, 17, 257, 65537. ಐದೂ ಅವಿಭಾಜ್ಯ. ಹೀಗೆ ಮುಂದುವರಿದರೂ ಎಲ್ಲವೂ ಅವಿಭಾಜ್ಯವೇ ಎಂದು ಹದಿನೇಳನೇ ಶತಮಾನದ ಫ್ರೆಂಚ್ ಗಣಿತಜ್ಞ ಫರ್ಮಾ ನಂಬಿದ್ದ. ಮುಂದಿನದೇ, ಅಂದರೆ ಘಾತ 32 ಆದಾಗ ಬರುವುದೇ, ನಮ್ಮ ಹಲಗೆಯ ಮೇಲಿದ್ದ ಸಂಖ್ಯೆ. 1732ರಲ್ಲಿ ಗಣಿತಜ್ಞ ಆಯ್ಲರ್ ಅದನ್ನು 641 ನಿಶ್ಶೇಷವಾಗಿ ಭಾಗಿಸುತ್ತದೆಂದು ತೋರಿಸಿದ. 'ಊಟ ಮಾಡಿ ಬನ್ನಿ, ಭಾಗಿಸೋಣ' ಎಂದರು ಮೇಷ್ಟ್ರು.

ಆ ಬಿಡುವಿನಲ್ಲಿ ನಾನೂ ನನ್ನ ಬೆಂಚಿನ ಗೆಳೆಯನೂ ಕೊನೆಯ 7ರ ತಲೆ ಒರೆಸಿ 1 ಮಾಡಿದೆವು. ಮೇಷ್ಟ್ರು ಬಂದು ಭಾಗಿಸತೊಡಗಿದರು. 4489ರಲ್ಲಿ 4487 ಕಳೆದು 2 ಉಳಿಯಿತು, ಭಾಗಲಬ್ಧದಲ್ಲಿ ಎರಡು ಸೊನ್ನೆ ಬಿದ್ದವು, ಕೊನೆಗೆ ಮತ್ತೆ 4487 ಬರಬೇಕಾದ ಜಾಗದಲ್ಲಿ 4481 ಬಂತು. ಶೇಷ 635. ಅವರು ಹಿಂದೆ ತಿರುಗಿಯೂ ನೋಡಲಿಲ್ಲ. '641ಕ್ಕೆ ಆರು ಕಡಿಮೆ. ಏಳರಿಂದ ಆರು ಕದ್ದವರು ಎದ್ದು ನಿಲ್ಲಿ.'

ಬೆತ್ತ ಬೀಳಲಿಲ್ಲ. 641 ಎಂದರೆ 625 ಮತ್ತು 16ರ ಮೊತ್ತ. 5×128ಕ್ಕೆ 1 ಕೂಡಿಸಿದರೂ ಅದೇ. ಇವೆರಡನ್ನೇ ಹಿಡಿದು, 4294967297 ಅನ್ನು 641 ಭಾಗಿಸುತ್ತದೆಂದು ಭಾಗಾಕಾರವಿಲ್ಲದೆ ಸಾಧಿಸಿ ತರಬೇಕೆಂಬುದೇ ಶಿಕ್ಷೆ. ಸಂಜೆಯವರೆಗೆ ಕೂತು ನಾನು ಸಾಧಿಸಿದೆ. ಇಡೀ ತರಗತಿಯಲ್ಲಿ ಅದು ದಕ್ಕಿದ್ದು ನನಗೊಬ್ಬನಿಗೇ ಎಂದು ಹೇಳಿಕೊಳ್ಳಲು ಇಂದಿಗೂ ಹೆಮ್ಮೆ. ಕಂಪ್ಯೂಟರ್ ಜಾಲಗಳ ಕೆಲಸಕ್ಕೆ ನಾನು ಬಂದದ್ದು ಆ ಸಂಜೆಯ ರುಚಿಯಿಂದಲೇ. ಇಂಟರ್ನೆಟ್ಟಿನ ಹಳೆಯ ಪದ್ಧತಿಯಲ್ಲಿ ಇರುವ ವಿಳಾಸಗಳು ಒಟ್ಟು 4294967296. ಮೇಷ್ಟ್ರ ಸಂಖ್ಯೆಗಿಂತ ಒಂದು ಕಡಿಮೆ.

ಈಗಿನ ಮಕ್ಕಳು ನಮಗಿಂತ ಚುರುಕು, ಅದರಲ್ಲಿ ಸಂದೇಹವಿಲ್ಲ. ಆದರೆ ಒಂದೇ ಸಂಖ್ಯೆಯ ಮುಂದೆ ಒಂದು ಮಧ್ಯಾಹ್ನ ಕೂರುವ ಪುರುಸೊತ್ತನ್ನು ಅವರಿಗೆ ಯಾರು ಕೊಡುತ್ತಾರೆ? ನಾಲ್ಕು ಉತ್ತರಗಳಲ್ಲಿ ಒಂದಕ್ಕೆ ಗುರುತು ಹಾಕುವ ಅಭ್ಯಾಸದಲ್ಲೇ ಅವರ ಪ್ರೌಢಶಾಲೆ ಮುಗಿದುಹೋಗುತ್ತಿದೆ. ಪಠ್ಯದಲ್ಲಿಲ್ಲದ್ದಕ್ಕೆ ಎರಡು ಪೀರಿಯಡ್ ಕೊಟ್ಟ ಶಿಕ್ಷಕರನ್ನು ಇಂದು ಪೋಷಕರೇ ಪ್ರಶ್ನಿಸುತ್ತಾರೆ. ಇದು ನನಗೆ ನಿಜವಾಗಿ ನೋವು ತರುತ್ತದೆ.

ಕೆಲಸಕ್ಕೆ ಸೇರಿದ ಮೇಲೆ ಒಂದು ಸಂಗತಿ ತಿಳಿಯಿತು. ನಾವು ತಿದ್ದಿ ಮಾಡಿದ 4294967291 ಅಪ್ಪಟ ಅವಿಭಾಜ್ಯ; 2ರ 32ನೇ ಘಾತಕ್ಕಿಂತ ಚಿಕ್ಕದಾದ ಅವಿಭಾಜ್ಯಗಳಲ್ಲಿ ಅದೇ ಅತಿ ದೊಡ್ಡದು! ಹಳೆಯ ವಿದ್ಯಾರ್ಥಿಗಳ ಕೂಟದಲ್ಲಿ ಮೇಷ್ಟ್ರ ಕಾಲಿಗೆರಗಿ ಇದನ್ನು ಹೇಳಿದೆ. ಅವರ ಕಣ್ಣು ಅರಳಿದರೂ ಹೊಗಳಲಿಲ್ಲ.

'65536ರವರೆಗಿನ ಅವಿಭಾಜ್ಯಗಳಿಂದೆಲ್ಲ ಭಾಗಿಸಿ ನೋಡಬೇಕಾಗುತ್ತದೆ. ನೋಡಿದೆಯಾ?'

'ನೋಡಿದೆ ಸಾರ್. ಒಟ್ಟು 6542 ಇವೆ. ಪ್ರೋಗ್ರಾಂ ಬರೆದು ಒಂದೊಂದರಿಂದಲೂ ಭಾಗಿಸಿದೆ.'

'ಹಾಗಾದರೆ ಒಪ್ಪಿದೆ' ಎಂದರು.