ಸೋತ ಹುಂಜಕ್ಕೆ ಓಡೋ ದಾರಿ ಬೇಕು

ಬಾಗೇಪಲ್ಲಿ ಕಡೆ ಕೆಲಸ ಮಾಡುವ ಪಶುವೈದ್ಯರಿಗೆ ಸಂಕ್ರಾಂತಿ ಅಂದರೆ ಹೊಲಿಗೆ ಹಾಕುವ ಕಾಲ. ದನಗಳಿಗಲ್ಲ, ಹುಂಜಗಳಿಗೆ. ಆಂಧ್ರದ ಗಡಿ ಪಕ್ಕದಲ್ಲೇ ಇದೆ. ನಮ್ಮಲ್ಲಿ ಎಷ್ಟೋ ಮನೆಗಳ ಮಾತು ತೆಲುಗು, ನೆಂಟರೆಲ್ಲ ಆ ಕಡೆಯವರು. ಹಬ್ಬಕ್ಕೆ ಅಲ್ಲಿ ಕೋಳಿ ಪಂದ್ಯ ನಡೆಯುತ್ತದೆ. ಈ ಕಡೆಯೂ ಹುಣಸೆ ತೋಪಿನ ಮರೆಯಲ್ಲಿ, ಕೆರೆ ಅಂಗಳದಲ್ಲಿ ಕದ್ದುಮುಚ್ಚಿ ನಡೆಯುತ್ತದೆ. ಬದುಕಿ ಬಂದ ಹುಂಜವನ್ನು ಟವೆಲಿನಲ್ಲಿ ಸುತ್ತಿಕೊಂಡು, ಕತ್ತಲಾದ ಮೇಲೆ ನನ್ನ ಹತ್ತಿರ ತರುತ್ತಾರೆ.

ಗಾಯ ಹೇಗಿರುತ್ತದೆ ಅಂತ ಹೇಳಲೇಬೇಕು. ಪಂದ್ಯ ನೋಡುವವರು ದೂರ ನಿಂತಿರುತ್ತಾರೆ, ಅವರಿಗೆ ಪುಕ್ಕ ಹಾರುವುದಷ್ಟೇ ಕಾಣುತ್ತದೆ. ಕಾಲಿಗೆ ಕಟ್ಟುವ ಕತ್ತಿ ಎರಡು ಮೂರು ಇಂಚು ಇರುತ್ತದೆ, ಕ್ಷೌರದ ಬ್ಲೇಡಿನಷ್ಟು ಹರಿತ. ಎದೆಯ ಮಾಂಸ ಸೀಳಿ ಮೂಳೆ ಕಾಣುತ್ತಿರುತ್ತದೆ. ಹಕ್ಕಿಗಳ ಮೈಯೊಳಗೆ ಶ್ವಾಸಕೋಶದ ಜೊತೆಗೆ ಗಾಳಿಯ ಚೀಲಗಳಿರುತ್ತವೆ. ಕತ್ತಿ ಅದಕ್ಕೆ ತಾಗಿದರೆ ಚರ್ಮದ ಕೆಳಗೆ ಗಾಳಿ ತುಂಬಿ ಮೈ ಊದಿಕೊಳ್ಳುತ್ತದೆ. ಕಾಲಿನ ನರ ತುಂಡಾಗಿದ್ದರೆ ಬೆರಳು ಮಡಚಿಕೊಂಡೇ ಉಳಿಯುತ್ತದೆ. ಕೆಲವರು ತೋಪಿನಲ್ಲೇ ಮನೆಯ ಸೂಜಿ ದಾರದಲ್ಲಿ ಹೊಲಿದು ಅರಿಶಿನ ಮೆತ್ತಿರುತ್ತಾರೆ. ಅದನ್ನು ಬಿಚ್ಚಿ, ತೊಳೆದು, ಮತ್ತೆ ಹೊಲಿಯಬೇಕು.

"ಅದಕ್ಕೇನೂ ನೋವಿಲ್ಲ ಡಾಕ್ಟ್ರಮ್ಮ, ನೋಡಿ, ಕೂಗ್ತಾನೇ ಇಲ್ಲ" ಅಂತಾರೆ. ಕೋಳಿ ಬೇಟೆಗೆ ಸಿಗುವ ಪ್ರಾಣಿ. ನೋವು ತೋರಿಸಿಕೊಂಡರೆ ನರಿಗೋ ಹದ್ದಿಗೋ ಆಹಾರ. ಅದಕ್ಕೇ ಅದು ಅಡಗಿಸಿಕೊಳ್ಳುತ್ತದೆ. 2000ನೇ ಇಸವಿಯಲ್ಲಿ ಬ್ರಿಟನ್ನಿನ ಸಂಶೋಧಕರು ಒಂದು ಪ್ರಯೋಗ ಪ್ರಕಟಿಸಿದರು. ಬ್ರಾಯ್ಲರ್ ಕೋಳಿಗಳ ಮುಂದೆ ಎರಡು ಬಣ್ಣದ ಮೇವು ಇಟ್ಟರು. ಒಂದರಲ್ಲಿ ಮಾತ್ರ ನೋವಿನ ಔಷಧಿ ಬೆರೆಸಿದ್ದರು. ಕುಂಟುವ ಕೋಳಿಗಳು ಚೆನ್ನಾಗಿ ನಡೆಯುವ ಕೋಳಿಗಳಿಗಿಂತ ಆ ಔಷಧಿಯ ಮೇವನ್ನು ಜಾಸ್ತಿ ತಿಂದವು. ಕುಂಟು ಹೆಚ್ಚಿದಷ್ಟೂ ಇನ್ನೂ ಜಾಸ್ತಿ ತಿಂದವು. ನೋವಿಲ್ಲದ ಪ್ರಾಣಿ ಹಾಗೆ ಹುಡುಕಿಕೊಂಡು ಹೋಗುವುದಿಲ್ಲ ಅಲ್ವಾ?

ಇದಕ್ಕಿಂತ ಗಟ್ಟಿಯಾದ ವಾದ ಇನ್ನೊಂದಿದೆ. ಜಗಳ ಆಡುವುದು ಹುಂಜದ ಹುಟ್ಟುಗುಣ, ನಾವೇನೂ ಕಲಿಸಿದ್ದಲ್ಲ ಅನ್ನುತ್ತಾರೆ. ಇದನ್ನು ಸುಳ್ಳು ಅಂತ ತಳ್ಳಿಹಾಕಲು ಆಗುವುದಿಲ್ಲ. ಹಿತ್ತಲಿನಲ್ಲಿ ಎರಡು ಹುಂಜ ಬಿಟ್ಟರೆ ಕುತ್ತಿಗೆಯ ಪುಕ್ಕ ಕೆದರಿಕೊಂಡು ನಿಲ್ಲುತ್ತವೆ, ಎಗರಿ ಒದೆಯುತ್ತವೆ. ಆದರೆ ಪೂರ್ತಿ ನೋಡಿ. ಸ್ವಲ್ಪ ಹೊತ್ತಿಗೆ ಒಂದು ಹುಂಜ ತಲೆ ತಗ್ಗಿಸಿ ಬೇಲಿ ಸಂದಿಯಲ್ಲಿ ನುಸುಳುತ್ತದೆ. ಗೆದ್ದದ್ದು ಕೂಗಿ ಸುಮ್ಮನಾಗುತ್ತದೆ. ಸೋತದ್ದು ದೂರದಲ್ಲಿ ಮಣ್ಣು ಕೆರೆಯುತ್ತಾ ಬದುಕುತ್ತದೆ. ಸುಮಾರು ನೂರು ವರ್ಷದ ಹಿಂದೆ ನಾರ್ವೆಯ ಪ್ರಾಣಿಶಾಸ್ತ್ರಜ್ಞ ಥೋರ್ಲೀಫ್ ಶೆಲ್ಡೆರುಪ್ ಎಬ್ಬೆ ಕೋಳಿಗಳನ್ನು ವರ್ಷಗಟ್ಟಲೆ ಗಮನಿಸಿ ಬರೆದದ್ದು ಇದನ್ನೇ. ಹಿಂಡಿನಲ್ಲಿ ಯಾರು ಯಾರನ್ನು ಕುಕ್ಕಬಹುದು ಅನ್ನುವ ಸರದಿ ಇರುತ್ತದೆ, ಅದು ಒಮ್ಮೆ ಗೊತ್ತಾದರೆ ದಿನಾ ಕಾದಾಡುವ ಅಗತ್ಯ ಇರುವುದಿಲ್ಲ. ಅಂದರೆ ಜಗಳ ಇರುವುದೇ ಜಗಳ ಮುಗಿಸುವುದಕ್ಕೆ.

ಹುಟ್ಟುಗುಣ ಅನ್ನುವವರು ಅದರ ಅರ್ಧವನ್ನು ಮಾತ್ರ ಇಟ್ಟುಕೊಂಡು, ಇನ್ನರ್ಧವನ್ನು ಕೈಯಾರೆ ಕಿತ್ತು ಹಾಕುತ್ತಾರೆ. ಹುಂಜದ ಕಾಲಿನ ಹಿಂದೆ ತನ್ನದೇ ಮುಳ್ಳಿದೆ, ಅದು ಗಾಯ ಮಾಡುತ್ತದೆ, ಆದರೆ ಒಂದೇ ಏಟಿಗೆ ಕೊಲ್ಲುವುದು ಅಪರೂಪ. ಅದರ ಜಾಗಕ್ಕೆ ಉಕ್ಕಿನ ಕತ್ತಿ ಬರುತ್ತದೆ. ಎದುರಾಳಿಗೆ ಹಿಡಿತ ಸಿಗದಿರಲಿ ಅಂತ ಜುಟ್ಟನ್ನೂ ಗಲ್ಲದ ಕೆಳಗೆ ಜೋಲುವ ಮಾಂಸವನ್ನೂ ಮೊದಲೇ ಕತ್ತರಿಸುತ್ತಾರೆ. ಆಮೇಲೆ ಸುತ್ತ ಜನ. ಹಿಂದೆ ಸರಿದ ಹುಂಜವನ್ನು ಎತ್ತಿ, ನೀರು ಚಿಮುಕಿಸಿ, ಮತ್ತೆ ಮುಂದಕ್ಕೆ ಬಿಡುತ್ತಾರೆ. ನನ್ನ ಜಗಳ ಇರುವುದು ಈ ಒಂದು ಕೆಲಸದ ಜೊತೆ. ಸಾಕು ಅಂತ ಆ ಪ್ರಾಣಿ ಹೇಳಿಯಾಗಿದೆ. ನೋಡುವವರಿಗೆ ಇನ್ನೂ ಸಾಕಾಗಿಲ್ಲ.

ಟಗರಿನ ಕಾಳಗದಲ್ಲೂ ಹೀಗೇ. ಹಾಲುಹಲ್ಲು, ಎರಡು ಹಲ್ಲು, ನಾಲ್ಕು ಹಲ್ಲು ಅಂತ ವಯಸ್ಸು ನೋಡಿ ಜೋಡಿ ಬಿಡುತ್ತಾರೆ. ಟಗರಿನ ತಲೆ ಡಿಕ್ಕಿ ಹೊಡೆಯಲಿಕ್ಕೆ ಮಾಡಿದ್ದು, ಏನೂ ಆಗಲ್ಲ ಅನ್ನುತ್ತಾರೆ. 2022ರಲ್ಲಿ ಅಮೆರಿಕದ ಸಂಶೋಧಕರು ಹಾಗೆಯೇ ಡಿಕ್ಕಿ ಹೊಡೆಯುವ ಎರಡು ಕಾಡುಪ್ರಾಣಿಗಳ ಮೆದುಳು ಪರೀಕ್ಷಿಸಿದರು: ಮೈತುಂಬ ಉದ್ದ ಕೂದಲಿರುವ, ಎತ್ತಿನಂಥ ಮಸ್ಕಾಕ್ಸ್ ಮತ್ತು ಬಿಗ್‌ಹಾರ್ನ್ ಅನ್ನುವ ಕಾಡು ಕುರಿ. ಒಳಗೆ ಪೆಟ್ಟಿನ ಗುರುತುಗಳು ಸಿಕ್ಕವು, ಮಸ್ಕಾಕ್ಸ್‌ಗಳಲ್ಲಿ ಬಹಳ. ಸ್ವಂತ ಇಷ್ಟದಿಂದ ಕಾದಾಡುವ ಪ್ರಾಣಿಗಳಿಗೇ ಹಾಗಾದರೆ, ಹಗ್ಗ ಹಿಡಿದು ಮತ್ತೆ ಮತ್ತೆ ಎಳೆತಂದು ನಿಲ್ಲಿಸುವ ಟಗರಿನ ಗತಿ ಏನು?

ಇಲ್ಲಿ ಇನ್ನೊಂದು ಮಾತು ಹೇಳಬೇಕು. ಹುಂಜ ಸಾಕುವವರು ಕಟುಕರಲ್ಲ. ನಾನು ನೋಡಿದ ಹಾಗೆ, ಹಳ್ಳಿಯಲ್ಲಿ ಪ್ರಾಣಿಯನ್ನು ಅತಿ ಹತ್ತಿರದಿಂದ ಬಲ್ಲವರು ಅವರೇ. ಕೋಳಿಗಳಿಗೆ ಬರುವ ಕೊಕ್ಕರೆ ರೋಗದ ಲಸಿಕೆಗೆ ಮೊದಲು ಬರುವವರು ಅವರು. ಬಾದಾಮಿ, ಮೊಟ್ಟೆ, ಖೀಮಾ ತಿನ್ನಿಸುತ್ತಾರೆ. ಕೆರೆಯಲ್ಲಿ ಈಜಿಸುತ್ತಾರೆ. ಯಾವ ಬಣ್ಣದ ಹುಂಜ ಯಾವ ದಿನ ಗೆಲ್ಲುತ್ತದೆ ಅನ್ನುವ ಶಾಸ್ತ್ರ ಬಾಯಲ್ಲೇ ಇರುತ್ತದೆ. ಒಬ್ಬರು ಅಣ್ಣ, ವಯಸ್ಸು ಅರವತ್ತರ ಮೇಲೆ, ತಮ್ಮ ಹುಂಜಕ್ಕೆ ಹೊಲಿಗೆ ಹಾಕುವಾಗ ಅತ್ತುಬಿಟ್ಟರು. ಆ ಕಣ್ಣೀರನ್ನು ನಾನು ಅನುಮಾನಿಸುವುದಿಲ್ಲ. "ಅಣ್ಣ, ಇಷ್ಟು ಪ್ರೀತಿ ಇದ್ದ ಮೇಲೆ ಯಾಕೆ ಬಿಡ್ತೀರಿ?" ಅಂತ ಕೇಳಿದೆ. "ಬಿಡದೆ ಇದ್ರೆ ಅದು ಒಳ್ಳೇ ಹುಂಜ ಅಂತ ಹೆಂಗಮ್ಮ ಗೊತ್ತಾಗೋದು?" ಅಂದರು. ಆ ಮಾತು ಇವತ್ತಿಗೂ ನನ್ನನ್ನು ಕಾಡುತ್ತದೆ. ಹುಂಜದ ಬೆಲೆ ತೋರಿಸಲು ಹುಂಜವನ್ನೇ ಪಣಕ್ಕಿಡಬೇಕು. ಸೋತರೆ ಅವರಿಗೆ ಹೋಗುವುದು ದುಡ್ಡು. ಹುಂಜ ಗೆದ್ದವರ ಪಾಲಾಗಿ ಸಾರಾಗುತ್ತದೆ.

"ನೀವು ಹೊಸತೊಡಕಿಗೆ ಕೋಳಿ ತಿನ್ನಲ್ವಾ?" ಅಂತ ಕೇಳುವವರು ಬಹಳ. ತಿನ್ನುತ್ತೇನೆ. ನಮ್ಮ ಮನೆಯಲ್ಲಿ ಯುಗಾದಿಯ ಮಾರನೇ ದಿನ ನಾಟಿ ಕೋಳಿ ಸಾರು, ಮುದ್ದೆ ಆಗಲೇಬೇಕು. ಈ ಪ್ರಶ್ನೆ ನ್ಯಾಯವಾದದ್ದೇ. ನನ್ನ ಉತ್ತರ ಇದು. ಕೋಳಿ ಕುಯ್ಯುವಾಗ ನೋವು ಕಡಿಮೆ ಆದಷ್ಟೂ ಒಳ್ಳೆಯದು, ಅದರಿಂದ ಸಾರಿನ ರುಚಿಗೆ ಏನೂ ಕೊರತೆ ಆಗುವುದಿಲ್ಲ. ಪಂದ್ಯದಲ್ಲಿ ನೋವು ಕಡಿಮೆ ಮಾಡಿದರೆ ಪಂದ್ಯವೇ ಇಲ್ಲ. ಜನ ಸೇರುವುದು ಅದಕ್ಕೇ. ನೋವನ್ನೇ ಆಟ ಮಾಡಿಕೊಳ್ಳುವುದು ಬೇರೆ ತರಹದ ತಪ್ಪು. ಹಾಗಂತ ಬ್ರಾಯ್ಲರ್ ಶೆಡ್ಡುಗಳಲ್ಲಿ ಎಲ್ಲ ಸರಿಯಿದೆ ಅಂತಲ್ಲ. ಮೇಲೆ ಹೇಳಿದ ಕುಂಟುವ ಕೋಳಿಗಳು ಅಂಥ ತಳಿಯವೇ. ಅದರ ಬಗ್ಗೆಯೂ ಮಾತಾಡಬೇಕು. ಒಂದು ತಪ್ಪು ಉಳಿದಿದೆ ಅಂತ ಇನ್ನೊಂದನ್ನು ಬಿಟ್ಟುಬಿಡಲು ಆಗುತ್ತದಾ?

ಕಾನೂನು ಹಳೆಯದೇ ಇದೆ. ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆ ಬಂದದ್ದು 1960ರಲ್ಲಿ. ಪ್ರಾಣಿಗಳನ್ನು ಕಾದಾಟಕ್ಕೆ ಕೆರಳಿಸುವುದು ಅದರ 11ನೇ ಸೆಕ್ಷನ್ ಪ್ರಕಾರ ಅಪರಾಧ. ಮೊದಲ ಸಲಕ್ಕೆ ದಂಡ 10 ರೂಪಾಯಿಯಿಂದ 50 ರೂಪಾಯಿ. ಹೌದು, 50 ರೂಪಾಯಿ. ಸಾವಿರಗಟ್ಟಲೆ ಬಾಜಿ ಕಟ್ಟುವವರಿಗೆ ಅದು ಟೀ ಖರ್ಚು. 2014ರ ಮೇ 7ರಂದು ಸುಪ್ರೀಂ ಕೋರ್ಟ್ ಜಲ್ಲಿಕಟ್ಟು ತೀರ್ಪಿನಲ್ಲಿ, ಯಾವ ಪ್ರಾಣಿಯನ್ನೂ ಮನುಷ್ಯರ ಜೊತೆಗಾಗಲಿ ಇನ್ನೊಂದು ಪ್ರಾಣಿಯ ಜೊತೆಗಾಗಲಿ ಕಾದಾಟಕ್ಕೆ ಕೆರಳಿಸದಂತೆ ನೋಡಿಕೊಳ್ಳಿ ಅಂತ ಹೇಳಿತು. ಆಮೇಲೆ ಜಲ್ಲಿಕಟ್ಟು, ಕಂಬಳದಂಥ ಆಟಗಳಿಗೆ ಅವಕಾಶ ಕೊಡಲು ಕೆಲವು ರಾಜ್ಯಗಳು ಆ ಕಾಯ್ದೆಗೆ ತಿದ್ದುಪಡಿ ತಂದವು, 2023ರ ಮೇ 18ರಂದು ಕೋರ್ಟ್ ಅವನ್ನು ಒಪ್ಪಿತು. ಇದನ್ನೇ ಹಿಡಿದು "ಈಗ ಎಲ್ಲದಕ್ಕೂ ಪರ್ಮಿಷನ್ ಇದೆ" ಅನ್ನುವವರಿದ್ದಾರೆ. ಇಲ್ಲ. ಕರ್ನಾಟಕದ ತಿದ್ದುಪಡಿಯಲ್ಲಿ ಇರುವುದು ಕಂಬಳ, ಹೋರಿ ಓಟ, ಎತ್ತಿನ ಗಾಡಿ ಓಟ. ಕೋಳಿ ಕಾಳಗ, ಟಗರು ಕಾಳಗ ಅದರಲ್ಲಿಲ್ಲ.

ಪೊಲೀಸರು ದಾಳಿ ಮಾಡಿದರೆ ಹುಂಜಗಳೂ ಜಪ್ತಿಯಾಗುತ್ತವೆ. ಕಾಲಿಗೆ ದಾರ ಕಟ್ಟಿ ಠಾಣೆಯಲ್ಲಿ ಇಡುತ್ತಾರೆ, ಆಮೇಲೆ ಹರಾಜು. ಕೊಂಡುಕೊಳ್ಳುವವರು ಯಾರು ಅಂತ ನೀವೇ ಊಹಿಸಿ. ಅದಕ್ಕೇ ನನಗೆ ಠಾಣೆಗಿಂತ ಸಾಕುವವರ ಮನೆಯ ಮೇಲೆ ಜಾಸ್ತಿ ನಂಬಿಕೆ.

ತಮಿಳುನಾಡಿನಲ್ಲಿ ಗಿಳಿ ಮೂಗಿನ, ಉದ್ದ ಬಾಲದ ಅಸೀಲ್ ತಳಿಯ ಹುಂಜಗಳ ಪ್ರದರ್ಶನ ನಡೆಯುತ್ತದೆ. ಅಲ್ಲಿ ಕತ್ತಿ ಇಲ್ಲ. ಮೂಗಿನ ಬಾಗು, ಬಾಲದ ಉದ್ದ, ನಿಲ್ಲುವ ಗತ್ತು ನೋಡುತ್ತಾರೆ, ಒಳ್ಳೆಯ ಹುಂಜಕ್ಕೆ ದೊಡ್ಡ ಬೆಲೆ ಬರುತ್ತದೆ. ಒಳ್ಳೇ ಹುಂಜ ಅಂತ ಹೇಗೆ ಗೊತ್ತಾಗೋದು ಅಂತ ಕೇಳಿದ ಆ ಅಣ್ಣನಿಗೆ ಇದರ ವಿಡಿಯೋ ತೋರಿಸಿದೆ. ತುಂಬಾ ಹೊತ್ತು ನೋಡಿದರು. "ಈ ಬಾಲ ಇಟ್ಕೊಂಡು ಇದು ಜಗಳ ಆಡಲ್ಲ ಬಿಡಮ್ಮ" ಅಂದರು. ಅವರ ಮೊಮ್ಮಗ ಮಾತ್ರ ಮರಿಯ ಬೆಲೆ ವಿಚಾರಿಸಿದ. ಒಂದು ಜೋಡಿ ತರಿಸಿದ್ದಾನೆ. ನಮ್ಮ ತಾಲ್ಲೂಕಿನಲ್ಲಿ ಬೇರೆ ಯಾರಿಗಾದರೂ ಆ ತಳಿ ಸಾಕುವ ಆಸೆ ಇದ್ದರೆ ಬನ್ನಿ. ಕೊಕ್ಕರೆ ರೋಗ ಬಾರದಂತೆ ಮರಿಗೆ ಮೊದಲ ವಾರದಲ್ಲೇ ಲಸೋಟಾ ಅನ್ನುವ ಲಸಿಕೆಯ ಹನಿ ಹಾಕಬೇಕು, ಎರಡು ತಿಂಗಳಿಗೆ ಆರ್‌ಟುಬಿ ಲಸಿಕೆ ಚುಚ್ಚಬೇಕು. ಜುಟ್ಟು ಕತ್ತರಿಸಿಕೊಡಿ ಅಂತ ಮಾತ್ರ ಕೇಳಬೇಡಿ, ನಾನು ಕತ್ತರಿಸುವುದಿಲ್ಲ.